ಮೂವತ್ನಾಲ್ಕು, ಹಾಜರ್

ನವೆಂಬರ್ 18, ಮಂಗಳವಾರ

ವಾಡಿಯಿಂದ ಪ್ಯಾಸೆಂಜರ್ ಇವತ್ತೂ ಲೇಟು. ಶಹಾಬಾದಿನ ಸ್ಕೂಲು ಮುಟ್ಟುವಾಗ ಹತ್ತನೇ ಕ್ಲಾಸಿನಲ್ಲಿ ಹಾಜರಿ ನಡೆದಿತ್ತು. ಹಾರ್ಮೋನಿಯಂ ಹೊತ್ತು ಬಾಗಿಲಲ್ಲೇ ನಿಂತೆ. ಕ್ಲಾಸ್ ಟೀಚರ್ ಸುರೇಶಕುಮಾರ ಮಗ್ಗಿ ಒಪ್ಪಿಸಿದ ಹಾಗೆ ನಂಬರ್ ಕೂಗುತ್ತಿದ್ದ. ಮೂವತ್ನಾಲ್ಕು — ಸಾನಿಯಾ. ಎದ್ದು ನಿಂತಳು. "ಹ... ಹ... ಹ..." ಉಗ್ಗು. ಅವನಾಗಲೇ ಮೂವತ್ತೈದಕ್ಕೆ ಹೋಗಿದ್ದ. ಕಣ್ಣೆದುರು ನಿಂತ ಹುಡುಗಿಗೆ ಗೈರು!

"ಸರ್, ಆಕಿ ಬಂದಾಳಲ್ರಿ," ಅಂದೆ.

"ದನಿ ಬಂದ್ರ ಹಾಜರಿ, ಮೇಡಂ. ಎಪ್ಪತ್ತು ಮಂದಿ ಅದಾರ. ಒಬ್ಬೊಬ್ಬರ ಮಾರಿ ನೋಡ್ಕೋತ ಕುಂದರ್ಲೇನು?"

ಇನ್ನು ಮೇಲೆ ಈ ಡೈರಿಯಲ್ಲಿ ಅವನ ಹೆಸರು ಗೈರುಸಾಹೇಬ.

ನವೆಂಬರ್ 21, ಶುಕ್ರವಾರ

ಸಂಗೀತ ಪೀರಿಯಡ್. ಸಾನಿಯಾ ಇಡೀ ಪದ್ಯ ಹಾಡಿದಳು. ಒಂದು ಅಕ್ಷರಕ್ಕೂ ತೊಡಕಿಲ್ಲ. ಜೂನ್‌ನಿಂದ ಕೇಳುತ್ತಿದ್ದೇನೆ, ಹಾಡುವಾಗ ಉಗ್ಗು ಹತ್ತಿರ ಸುಳಿಯುವುದಿಲ್ಲ. ಇಷ್ಟು ದಿನ ನನ್ನ ತಲೆಗೆ ಹೊಳೆದಿರಲಿಲ್ಲ ನೋಡು — ಹಾಜರಿಯನ್ನೂ ಹಾಡಿಬಿಟ್ಟರೆ? ಸ-ಗ-ಪ. ಹಾ-ಜರ್-ಸರ್. ಹತ್ತು ಸಲ ಹೇಳಿಸಿದೆ. ಹತ್ತು ಸಲವೂ ಬಂತು. ನಕ್ಕಳು. ನನಗೆ ಕಣ್ಣೀರು ಬಂತು, ಬರಲಿ.

ನವೆಂಬರ್ 25, ಮಂಗಳವಾರ

ಹಾಡಿದಳು. ಕ್ಲಾಸೆಲ್ಲ ನಕ್ಕಿತು. ಗೈರುಸಾಹೇಬ — "ಏ, ಇದೇನ್ ಗಾನಾ-ಬಜಾನಾ ಹಚ್ಚೀದಿ?" ಮತ್ತೆ ಗೈರು. ದನಿ ಬಂದರೆ ಹಾಜರಿ ಅಂದಿದ್ದನಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಮೈ ಉರಿಯಿತು. ಹೆಡ್‌ಮಾಸ್ಟರ್ ಭೀಮಶಾ ಸರ್ ಹತ್ತಿರ ಹೋದೆ.

"ಆಕಿ ಹೆಸರು ವಿಶೇಷ ಅಗತ್ಯದ ಮಕ್ಕಳ ಲಿಸ್ಟಿನ್ಯಾಗ ಹಾಕೀವಿ. ಇನ್ನೇನು ಮಾಡ್ಬೇಕ್ರಿ ಸುಜಾತಾ ಮೇಡಂ? ನಿಮ್ಮ ಸರಿಗಮ ಸಾಕು ಮಾಡ್ರಿ. ಹತ್ತನೇದವರ ಸಂಗೀತ ಪೀರಿಯಡ್ ನಾಳಿಂದ ಗಣಿತಕ್ಕ ಕೊಡಾಕತ್ತೀನಿ."

ಲಿಸ್ಟಿಗೆ ಬೇಕು, ಕ್ಲಾಸಿಗೆ ಬೇಡ. ಆ ಹುಡುಗಿಯ ಬಾಯಿಗೆ ಇದ್ದದ್ದು ಅದೊಂದು ಪೀರಿಯಡ್. ನಾನು ಅತಿಥಿ ಶಿಕ್ಷಕಿ, ಒಂದು ಮಾತಿಗೆ ಮನೆಗೆ ಕಳಿಸಬಹುದು. ಬಾಯಿ ಮುಚ್ಚಿಕೊಂಡು ಬಂದೆ. ಥೂ, ನನ್ನ ಜನ್ಮಕ್ಕೆ.

ಡಿಸೆಂಬರ್ 19, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಬರೀ ಬೈಗುಳ.

ಇವತ್ತು ಸಾನಿಯಾಳ ತಾಯಿ ಜಾನಬಿ ಭಂಕೂರಿನಿಂದ ಬಂದಿದ್ದರು. ಕಲ್ಲಿನ ಕೆಲಸ ಬಿಟ್ಟು ನೇರ ಬಂದಿದ್ದಾರೆ, ಮೊಣಕೈವರೆಗೂ ಧೂಳು. ಕೈಯಲ್ಲಿ ನೋಟೀಸು.

"ಹಾಜರಿ ಕಮ್ಮಿ ಅದ, ಪರೀಕ್ಷಾಕ್ಕ ಕೂಡಸಲ್ಲ ಅಂತಾರ್ರಿ. ದಿನಾ ನಾನೇ ಆಟೋ ಹತ್ತಸ್ತೀನಿ. ಈಕಿ ಅಪ್ಪ ಕೇಳಾಕತ್ತಾರ, ಸ್ಕೂಲ್ ಅಂತ ಹೇಳಿ ಎಲ್ಲಿಗಿ ಹೋಗ್ತಾಳ ಅಂತ. ಈಕಿಗಿ ಜವಾಬ್ ಹೇಳ್ಲಿಕ್ಕಿ ಬರಲ್ರಿ."

ಎಲ್ಲಿಗೆ ಹೋಗುತ್ತಾಳಂತೆ! ಎರಡನೇ ಬೆಂಚಿಗೆ ಹೋಗುತ್ತಾಳೆ!

ನೋಟೀಸಿನಲ್ಲಿ ಗೈರಿನ ತಾರೀಕುಗಳ ಪಟ್ಟಿ. ಮನೆಗೆ ಬಂದು ಈ ಡೈರಿ ತೆಗೆದೆ. ಪೀರಿಯಡ್ ಕಿತ್ತುಕೊಳ್ಳುವ ತನಕ ಪ್ರತಿ ಮಂಗಳವಾರ, ಶುಕ್ರವಾರ ಯಾರು ಏನು ಹಾಡಿದರು ಅಂತ ಬರೆಯುವ ಚಟ ನನ್ನದು. ಪರೀಕ್ಷೆಗೆ ಕಡಿಮೆ ಬಿದ್ದದ್ದು ಒಂಬತ್ತು ದಿನ. ನೋಟೀಸಿನಲ್ಲಿ ಗೈರು, ಡೈರಿಯಲ್ಲಿ "ಸಾನಿಯಾ ಹಾಡಿದಳು" — ಹಾಗಿರುವ ದಿನ ಹದಿನಾಲ್ಕು.

ಡಿಸೆಂಬರ್ 21, ಭಾನುವಾರ

ಜಾನಬಿ ನಿನ್ನೆ ಬಿಇಒ ಸಾಹೇಬರಿಗೆ ದೂರು ಕೊಟ್ಟಿದ್ದಾರೆ; ನಾಳೆ ವಿಚಾರಣೆ, ಸಾಕ್ಷಿ ಈ ಡೈರಿ. ಬೈದದ್ದನ್ನು ಕತ್ತರಿಸಿ ತೆಗೆಯೋಣ ಅಂತ ಬ್ಲೇಡ್ ಹಿಡಿದು ಕೂತೆ. ಆಗಲಿಲ್ಲ. ಬೈಗುಳವೂ ಹಾಡೂ ಒಂದೇ ಹಾಳೆಯಲ್ಲಿವೆ.

ಡಿಸೆಂಬರ್ 22, ಸೋಮವಾರ, 11:20

ಚಿತ್ತಾಪುರ. ಬಿಇಒ ಆಫೀಸಿನ ಬೆಂಚು. ಪಕ್ಕದಲ್ಲಿ ಜಾನಬಿ, ಸಾನಿಯಾ. ಒಳಗೆ ಭೀಮಶಾ ಸರ್, ಗೈರುಸಾಹೇಬ, ರಿಜಿಸ್ಟರು.

ಗುಮಾಸ್ತ ಬಾಗಿಲಿಗೆ ಬಂದ. "ಸಾನಿಯಾ ಅನ್ನೋರು ಬಂದಾರೇನ್ರಿ?"

ಎದ್ದಳು. ಜಾನಬಿ ಉತ್ತರ ಕೊಡಲು ಬಾಯಿ ತೆರೆದರು, ತಡೆದೆ. ಸಾನಿಯಾ ಉಸಿರು ಎಳೆದುಕೊಂಡಳು. ಸ-ಗ-ಪ. ಹಾ-ಜರ್-ಸರ್.

ಯಾರೂ ನಗಲಿಲ್ಲ. "ಒಳಗ ಬರ್ರವ್ವ," ಅಂದ. "ಮೇಡಂ, ಆ ಡೈರಿ ಇತ್ತ ಕೊಡ್ರಿ, ಸಾಹೇಬ್ರು ಕೇಳಾಕತ್ತಾರ."

ಒಂದು ನಿಮಿಷ ತಡೀರಿ ಅಂದಿದ್ದೇನೆ.

ಸಾಹೇಬರೇ, ಮೊದಲು ನವೆಂಬರ್ 21ರ ಹಾಳೆ ಓದಿ. ಆಮೇಲೆ ಬೇಕಾದರೆ ನನ್ನನ್ನು ಮನೆಗೆ ಕಳಿಸ—