ಕೆಂಪು ಕುದುರೆಗೆ ಮೊದಲ ಬನ್ನಿ

ಕಪ್ಪತಗುಡ್ಡ
೩೦ ಫೆಬ್ರುವರಿ ೨೧೮೪

ಪೂಜ್ಯ ಮುತ್ತಜ್ಜಿ ಡಾಕ್ಟರ್ ಶಿವಲೀಲಾ ಅವರಿಗೆ, ನಿಮ್ಮ ಆರನೆಯ ತಲೆಮಾರಿನ ನೀಲಗಂಗಾಳ ಶರಣು ಶರಣಾರ್ಥಿ.

ತಾರೀಖು ತಪ್ಪಲ್ಲ. ನಮ್ಮ ಕಾಲದಲ್ಲಿ ಪ್ರತಿ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದ ‘ಬಿಡುದಿನ’ಗಳು. ತಲೆ ಹಣ್ಣಾಗುವ ತನಕ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಅರ್ಥ ಹೇಳದೆ ಹೊಸ ಪದ ಬಳಸಲು ನನ್ನ ತರಗತಿಯಲ್ಲಿ ಯಾರಿಗೂ ಅವಕಾಶವಿರಲಿಲ್ಲ. ಈ ಪತ್ರದಲ್ಲಿ ನನಗೂ ಇಲ್ಲ. ಆದರೂ ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಪತ್ರ ನಿಮ್ಮ ಕೈ ಸೇರುವುದು ಖಂಡೇಪೂಜೆಯ ಸಂಜೆ. ನಾಳೆ ವಿಜಯದಶಮಿ, ಒಳ್ಳೆಯ ದಿನವೆಂದು ನಾಳೆಯೇ ಗದಗಿನ ಶೋರೂಮಿಗೆ ನಿಮ್ಮ ಕೆಂಪು ಕಾರನ್ನು ಒಪ್ಪಿಸಿ, ನಾಲ್ಕೂ ಗಾಲಿ ಎಳೆಯುವ ಗಿಡ್ಡ ಗಾಡಿಯನ್ನು ತರುವುದೆಂದು ಗೊತ್ತುಮಾಡಿದ್ದೀರಿ. ಆದರೆ ಇಂದು ರೂಢಿಯ ಕೈ ತಡೆಯದೆ ಆ ಕೆಂಪು ಕಾರಿಗೇ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದುಬಿಟ್ಟಿರಿ. ನಿಮ್ಮ ಅತ್ತೆಯವರು ಬಾಗಿಲಲ್ಲೇ ತಡೆದರು: “ಖಂಡೇಪೂಜಿ ಮಾಡಿಸ್ಕೊಂಡದ್ದನ್ನ ಮರುದಿನಾನ ಮನೀ ಬಿಟ್ಟು ಕಳಸ್ತಾರೇನು? ಊಟಕ್ಕ ಎಲಿ ಹಾಕಿ ಎಬ್ಬಿಸಿದಂಗಾತು.” ನೆರೆಮನೆಯ ಚನ್ನಬಸಪ್ಪಗೌಡರು ಕಟ್ಟೆಯ ಮೇಲಿಂದಲೇ, “ಡಾಕ್ಟರಬಾಯಾರ, ಕುದುರಿ ಕೊಟ್ಟು ಎಮ್ಮಿ ತರಾಕ ಹೊಂಟೀರೇನು? ಹಾಲರ ಕೊಡತೈತೋ ಇಲ್ಲೋ ಕೇಳ್ಕೊಂಡ ಬರ್ರಿ,” ಎಂದು ನಕ್ಕರು.

ನೀವೀಗ ಕೀಲಿಕೈ ಹಿಡಿದು, ಹೋಗುವುದೋ ಬೇಡವೋ ಎಂದು ಕೂತಿದ್ದೀರಿ. ಆ ಕಾರಿನ ಮೇಲೆ ನಿಮಗೆಷ್ಟು ಜೀವ ಎಂಬುದು ನನಗೆ ಗೊತ್ತು. ಹುಬ್ಬಳ್ಳಿ ರಸ್ತೆಯಲ್ಲಿ ಅದನ್ನು ಹಿಂದೆ ಹಾಕಿದವರಿರಲಿಲ್ಲವೆಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಆದರೆ ಅದು ಗುಡ್ಡದ ಬುಡದಲ್ಲೇ ಹೊಟ್ಟೆ ತಾಗಿಸಿಕೊಂಡು ನಿಲ್ಲುತ್ತದೆ. ದನಕುರಿಗಳ ಡಾಕ್ಟರಾದ ನೀವು ಔಷಧದ ಪೆಟ್ಟಿಗೆ ಹೊತ್ತು ಮೇಲಿನ ಕುರಿಹಟ್ಟಿಗೆ ನಡೆದು ಮುಟ್ಟುವಷ್ಟರಲ್ಲಿ ಎಷ್ಟೋ ಕುರಿಗಳು ಕಣ್ಣು ಮುಚ್ಚಿರುತ್ತವೆ.

ಈಗ ನಮ್ಮ ದಿನಗಳ ಮಾತು. ಬಯಲಿನಲ್ಲೆಲ್ಲ ‘ತಾನೋಡ’ಗಳು ಓಡುತ್ತವೆ, ಚಾಲಕನಿಲ್ಲದೆ ತಾನೇ ಓಡುವ ಗಾಡಿಗೆ ಈ ಹೆಸರು. ಅವು ‘ನೆರಳುದಾರಿ’ಯಲ್ಲಿ, ಎಂದರೆ ಬಿಸಿಲು ಹೀರಿ ಬೆಳಕು ಕೊಡುವ ಚಪ್ಪರದಡಿಯ ರಸ್ತೆಯಲ್ಲಿ, ಗೆರೆ ದಾಟದೆ ಸಾಗುತ್ತವೆ, ಗರಸುಕಲ್ಲಿನ ಮಣ್ಣುದಾರಿ ಕಂಡರೆ ನಿಂತು ಕ್ಷಮೆ ಕೇಳುತ್ತವೆ. ಗುಡ್ಡ ಏರುವುದು ಇಂದಿಗೂ ನೀವು ನಾಳೆ ತರುವ ಆ ಗಿಡ್ಡ ಗಾಡಿಯೊಂದೇ. ಎಂಜಿನ್ ಹೋಗಿ ಮೋಟಾರು ಬಂದಿದೆ, ಮೈಯನ್ನು ಎಷ್ಟೋ ಸಲ ಬದಲಾಯಿಸಿದ್ದೇವೆ; ಸ್ಟೇರಿಂಗ್ ಮಾತ್ರ ನಿಮ್ಮದೇ, ಅಂಗೈ ತಾಗಿದಲ್ಲೆಲ್ಲ ಸವೆದು ನುಣುಪಾಗಿದೆ. ಹೆಣ್ಣಾಗಲಿ ಗಂಡಾಗಲಿ, ಆ ಗಾಡಿಯನ್ನು ಸ್ವಂತ ಕೈಯಿಂದ ಗುಡ್ಡ ಹತ್ತಿಸುವ ತನಕ ನಮ್ಮ ಮನೆಯಲ್ಲಿ ಅವರ ಮದುವೆಯ ಮಾತೆತ್ತುವುದಿಲ್ಲ. ನಾನು ಮೊದಲ ಯತ್ನದಲ್ಲೇ ಹತ್ತಿಸಿದೆ. ನನ್ನ ತಮ್ಮ ಇನ್ನೂ ಬ್ರಹ್ಮಚಾರಿ. ಮೇಲೆ, ನಿಂತುಹೋದ ಗಾಳಿಯಂತ್ರದ ಕಂಬದ ಬುಡದಲ್ಲಿರುವ ದುಂಡು ಕೋಣೆಯೇ ನನ್ನ ಶಾಲೆಯಾಗಿತ್ತು. ಹಟ್ಟಿಯ ಮಕ್ಕಳು ಅಲ್ಲಿ ಕನ್ನಡದಲ್ಲೇ ಗಣಿತ ಕಲಿತು, ಈಗ ನೆರಳುದಾರಿಗಳನ್ನು ಕಟ್ಟುತ್ತಿದ್ದಾರೆ.

ಆ ಹಟ್ಟಿ ಉಳಿದದ್ದು ನಿಮ್ಮಿಂದ. ಮುಂದಾಗುವುದನ್ನು ಹೇಳಬಾರದು, ಆದರೂ ಹೇಳುತ್ತೇನೆ. ದಸರೆ ಕಳೆದ ಮೇಲೆ ಬಯಲಲ್ಲಿ ಕುರಿಗಳಿಗೆ ನೀಲಿನಾಲಿಗೆ ರೋಗ ಬಂತು. ಅದು ಗುಡ್ಡ ಹತ್ತುವ ಮೊದಲೇ ನಿಮ್ಮ ಗಾಡಿಯಲ್ಲಿ ಲಸಿಕೆ ಹತ್ತಿತ್ತು. ಹಟ್ಟಿಯ ಹಿರಿಯ ಹಾಲಪ್ಪ ಇಳಿದು ಬಂದು, ಅದೇ ಕಟ್ಟೆಯ ಮುಂದೆ ನಿಂತು ಹೇಳಿದ: “ಕುದುರಿ ಗುಡ್ಡದ ಬುಡಕ ನಿಂದರತಿತ್ರೀ ಗೌಡ್ರ. ಎಮ್ಮಿ ಹಟ್ಟೀ ತನಕಾ ಬಂತು. ನಮಗ ಎಮ್ಮೀನ ಇರ್ಲಿ.” ಅಂದಿನಿಂದ ನಮ್ಮದು ಎಮ್ಮಿಗಾಡಿಯವರ ಮನೆ. ನಮ್ಮ ಕಡೆ ಅಡ್ಡಹೆಸರನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಊರೇ ಕೊಡುತ್ತದೆ. ತರಗತಿಯ ಮೊದಲ ದಿನ ನನ್ನ ಅಡ್ಡಹೆಸರಿಗೆ ನಕ್ಕ ಮಕ್ಕಳನ್ನು ಆ ಗಾಡಿಯಲ್ಲಿ ಕೂರಿಸಿ ಕಡಿದಾದ ದಾರಿಯಲ್ಲಿ ಮೇಲೆ ಕರೆದೊಯ್ದಿದ್ದೇನೆ. ಇಳಿದ ಮೇಲೆ ಒಬ್ಬರೂ ನಕ್ಕಿಲ್ಲ.

ಇನ್ನು ನನ್ನ ಬಿನ್ನಹ. ಅತ್ತೆಯವರ ಮಾತು ಸುಳ್ಳಲ್ಲ. ಪೂಜೆ ಪಡೆದದ್ದನ್ನು ಸುಮ್ಮನೆ ಕಳಿಸಬಾರದು. ನಾಳೆ ಬೆಳಿಗ್ಗೆ, ಹಿರಿಯರಿಗೆ ಕೊಡುವ ಮೊದಲೇ, ಆ ಕಾರಿಗೆ ಬನ್ನಿ ಕೊಡಿ. ಸ್ಟೇರಿಂಗಿನ ಮೇಲೆ ಎಲೆಗಳನ್ನಿಟ್ಟು, ಮನುಷ್ಯರಿಗೆ ಹೇಳುವಂತೆಯೇ ಹೇಳಿ: “ಬನ್ನಿ ತಗೊಂಡು ಬಂಗಾರದಂಗ ಇರು.” ತಪ್ಪು ಮನ್ನಿಸಿ, ಒಳ್ಳೆಯದು ಹಾರೈಸುವುದಕ್ಕೇ ಅಲ್ಲವೆ ಬನ್ನಿ ಇರುವುದು? ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು ತಾವೇ ಗೇಟು ತೆಗೆಯುತ್ತಾರೆ.

ಮನೆಯಲ್ಲಿ ಉಳಿದು ಬಂದಿರುವ ಇನ್ನೊಂದು ಮಾತಿದೆ. ಕಾರಿಗೆ ಬನ್ನಿ ಕೊಡುವ ವಿಚಾರ ಯಾರು ಹೇಳಿಕೊಟ್ಟರೆಂದು ಎಷ್ಟು ಕೇಳಿದರೂ ನೀವು ಬಾಯಿ ಬಿಡಲಿಲ್ಲವಂತೆ. “ನಮ್ಮ ಪೈಕಿನ ಒಬ್ಬಾಕಿ,” ಎಂದಷ್ಟೇ ಅನ್ನುತ್ತಿದ್ದಿರಂತೆ.

ನನಗೆ ಅಷ್ಟು ಸಾಕು.

ನಿಮ್ಮ ಪೈಕಿನ,
ನೀಲಗಂಗಾ ಎಮ್ಮಿಗಾಡಿ
ನಿವೃತ್ತ ಮುಖ್ಯೋಪಾಧ್ಯಾಯಿನಿ