ಅಪ್ಪನ ಕೋಣೆಗೆ ಹೊಗೆ ಅಲಾರಂ

ಫೆಬ್ರವರಿ ೯, ಭಾನುವಾರ

ಅಂತೂ ಇವತ್ತು ಅಪ್ಪನ ಕೋಣೆಯ ಚಾವಣಿಗೆ ಹೊಗೆ ಅಲಾರಂ ಹಾಕಿದೆ. ಎರಡು ಸ್ಕ್ರೂ, ಒಂದು ಬ್ಯಾಟರಿ, ಹತ್ತು ನಿಮಿಷದ ಕೆಲಸ. ಸ್ಟೂಲಿನ ಮೇಲೆ ನಿಂತು, ನೋಡೋಣವೆಂದು ಗುಂಡಿ ಒತ್ತಿದರೆ ಕಿವಿ ತೂತಾಗುವಷ್ಟು ಕಿರುಚಿತು. ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. ನನಗೆ ಬೆನ್ನು ಹಾಕಿ ಕೂತಿದ್ದ ಅಪ್ಪ ಮಾತ್ರ ಪೇಪರಿನ ಹಾಳೆ ತಿರುವಿದರು.

ಇನ್ನೊಮ್ಮೆ ಒತ್ತಿದೆ. ತಿರುಗಲಿಲ್ಲ.

ಇಳಿದು ಭುಜ ಮುಟ್ಟಿದೆ. ನನ್ನ ತುಟಿಯನ್ನೇ ನೋಡುತ್ತಾ, "ಆಯ್ತೇನೋ? ಭದ್ರವಾಗಿ ಕೂತಿದೆ ತಾನೇ?" ಎಂದರು.

ಕರೆದರೆ ಓಗೊಡದ್ದನ್ನು ಬಿಗುಮಾನ ಎಂದುಕೊಂಡು ಒಂದು ವರ್ಷ ಮುಖ ಗಂಟು ಹಾಕಿಕೊಂಡೇ ಓಡಾಡಿದೆನಲ್ಲ. "ಈ ಮುದುಕನಿಗೆ ಸೊಕ್ಕು" ಎಂದು ಅವರೆದುರೇ ಗೊಣಗಿದ್ದೇನೆ. ಅದೊಂದೂ ಕೇಳಿಸಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೊರಟೆ. ಆದರೆ ಅವರ ಕಣ್ಣು ನನ್ನ ತುಟಿಯ ಮೇಲೇ ಇತ್ತಲ್ಲ...