ಅಂದು ಗೈರಾದ ಹದಿನೇಳು ಜನ

೨೧೯೬ರ ಫೆಬ್ರವರಿ ಮೂವತ್ತು

ಡಾ. ನೀಲಗಂಗಾ ಬಳೂಟಗಿ ಅವರಿಗೆ, ದ್ಯಾಮವ್ವ ಹಡಗಲಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳಿಗೆ ಹೆಸರಿಲ್ಲ, ಆಗ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಲೇಖನಗಳಿಂದ, ಅವುಗಳಲ್ಲಿ ದುಡಿಯುವವರ ಕಾಯಿಲೆಗಳ ವಿಷಯ ಬಿಟ್ಟು ಬೇರೇನೂ ಇರಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಉದ್ಯೋಗಕ್ಕೆ ಬುಡದೋದು ಎನ್ನುತ್ತಾರೆ. ಕಾರ್ಖಾನೆಯ ಗಾಳಿಯಲ್ಲಿ ಯಾವ ಪುಡಿ ಎಷ್ಟಿದ್ದರೆ ಅಪಾಯವಿಲ್ಲ ಎಂಬುದಕ್ಕೆ ಒಂದೊಂದು ಮಿತಿ ಇದೆಯಲ್ಲ, ಆ ಮಿತಿ ಯಾವ ಸಂಶೋಧನೆಯಿಂದ ಹುಟ್ಟಿತೆಂದು ಬುಡದವರೆಗೆ ಹೋಗಿ ಓದುವ ಕೆಲಸ. ಓದಬಹುದು, ತಿದ್ದುವಂತಿಲ್ಲ. ಬರೆದವರ ಬರಹವನ್ನು ಬರೆದವರೇ ತಿದ್ದಬೇಕು ಎಂಬುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ಬರೆದವರು ತೀರಿಹೋಗಿದ್ದರೆ ಏನು ಮಾಡಬೇಕೆಂದು ಮೇಲಿನವರನ್ನು ಕೇಳಿದೆ. ಅವರು ಚಹಾ ಕುಡಿಸಿ ಕಳಿಸಿದರು.

ಇಲ್ಲಿ ಮನೆಗಳ ಗೋಡೆಗಳೆಲ್ಲ ಕಲ್ಲಿನ ಹಲಗೆಯವು. ಯಂತ್ರ ಮುಟ್ಟಿದರೆ ಆ ಹಲಗೆ ಬಿರಿಯುತ್ತದೆ, ಆದ್ದರಿಂದ ಸಾಣೆಮನೆಗಳಲ್ಲಿ ಹೆಂಗಸರು ಹೊಳಪುಪುಡಿ ಹಚ್ಚಿ ಕೈಯಿಂದಲೇ ತಿಕ್ಕುತ್ತಾರೆ. ನನ್ನ ತಂಗಿ ಹೊಳೆವ್ವ ಹನ್ನೆರಡು ವರ್ಷ ತಿಕ್ಕಿದ್ದಾಳೆ. ಈಗ ಅವಳಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಬಾಗಿಲಿಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಾಳೆ. ಅಗಿಯುತ್ತಾ ಉಸಿರಾಡಲು ಆಗದೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಾಳೆ. ಪುಡಿ ಮುಟ್ಟದ ಬೇರೆ ಕೆಲಸಕ್ಕೆ ಹಾಕಿ ಎಂದು ಮೂರು ಸಲ ಅರ್ಜಿ ಕೊಟ್ಟಳು. ಮೂರು ಸಲವೂ ಒಂದೇ ಉತ್ತರ: ಗಾಳಿಯಲ್ಲಿ ಪುಡಿ ನಲವತ್ತರ ಮಿತಿಯೊಳಗಿದೆ, ಆದ್ದರಿಂದ ನಿಮಗೆ ಕಾಯಿಲೆ ಇಲ್ಲ.

ಆ ನಲವತ್ತರ ಬುಡ ಹುಡುಕಿಕೊಂಡು ಹೋದಾಗ ಸಿಕ್ಕವರು ನೀವು. ನಿಮ್ಮ ಪ್ರಕಟಣೆಗಳ ಪಟ್ಟಿಯನ್ನು ಪೂರ್ತಿ ಓದಿದೆ. ಸೀಸ, ಹತ್ತಿಯ ಧೂಳು, ಬಣ್ಣದ ಕಾರ್ಖಾನೆಯ ಹೊಗೆ, ಒಂದಕ್ಕಿಂತ ಒಂದು ಚೆನ್ನಾಗಿವೆ. ಬೀಡಿ ಕಟ್ಟುವವರ ಬೆರಳುಗಳ ಬಗ್ಗೆ ಬರೆದದ್ದನ್ನು ಓದಿ ಅತ್ತುಬಿಟ್ಟೆ. ಹನ್ನೊಂದನೆಯ ಲೇಖನವೊಂದೇ ದಾರಿ ತಪ್ಪಿತು. ಇದೇ ಹೊಳಪುಪುಡಿಯಿಂದ ಕಲ್ಲು ತಿಕ್ಕುವ ಶೆಡ್ಡಿಗೆ ಹೋಗಿ ಅಂದು ಕೆಲಸಕ್ಕೆ ಬಂದಿದ್ದ ಇನ್ನೂರ ಹನ್ನೆರಡು ಜನರ ಉಸಿರು ಅಳೆದಿರಿ. ಎಲ್ಲರೂ ಗಟ್ಟಿಯಾಗಿದ್ದರು, ನಲವತ್ತರಲ್ಲಿ ತೊಂದರೆಯಿಲ್ಲ ಎಂದು ಬರೆದಿರಿ. ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲಿದೆ: ಗೈರು ಹದಿನೇಳು, ಪರಿಗಣಿಸಿಲ್ಲ.

ನಿಮ್ಮ ಟಿಪ್ಪಣಿ ಪುಸ್ತಕವೂ ನಮ್ಮಲ್ಲಿ ಉಳಿದಿದೆ. ಅಂದು ಮೇಸ್ತ್ರಿ ಹೇಳಿದ್ದನ್ನು ನೀವೇ ಬರೆದುಕೊಂಡಿದ್ದೀರಿ: "ಅವರು ಬರೂದಿಲ್ರೀ ಡಾಕ್ಟರಮ್ಮಾರ, ದಮ್ಮು ಹತ್ತಿ ಮನಿ ಹಿಡದಾರ." ಬರೆದುಕೊಂಡು ಪುಟ ತಿರುಗಿಸಿದಿರಿ. ಉಸಿರು ನಿಂತುಹೋಗುತ್ತಿದ್ದವರು ಮನೆಯಲ್ಲಿದ್ದರು, ನೀವು ಉಸಿರಿದ್ದವರನ್ನು ಮಾತ್ರ ಅಳೆದಿರಿ! ನಿಮ್ಮಂಥ ಜಾಣೆಗೆ ಇಷ್ಟು ಹೊಳೆಯಲಿಲ್ಲವೇ ಎಂದು ಒಂದು ವಾರ ನಿಮ್ಮ ಮೇಲೆ ಹಲ್ಲು ಕಡಿದೆ. ಹೊಳೆವ್ವಳೇ ನನ್ನನ್ನು ತಡೆದಳು. "ಬೈಬ್ಯಾಡ ಅಕ್ಕಾ, ಬಂದವರನ್ನ ನೋಡ್ಯಾಳ, ಬರಲಾರದವರು ಕಣ್ಣಿಗೆ ಹೆಂಗ ಬೀಳಬೇಕು?" ಎಂದಳು. ಅಷ್ಟು ಹೇಳಲು ಅವಳು ನಡುವೆ ಎರಡು ಸಲ ನಿಲ್ಲಬೇಕಾಯಿತು.

ಹಿಂದಿನ ಕಾಲಕ್ಕೆ ಕಾಗದ ಹಾಕಲು ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಮುಟ್ಟುತ್ತದೆಂದು ಅವರು ಮಾತು ಕೊಡುವುದಿಲ್ಲ, ಕಾಗದವನ್ನು ಮಾತ್ರ ಬಹಳ ಮರ್ಯಾದೆಯಿಂದ ತೆಗೆದುಕೊಳ್ಳುತ್ತಾರೆ. ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ. ದಯವಿಟ್ಟು ಆ ಹದಿನೇಳು ಮನೆಗಳಿಗೆ ಹೋಗಿ. ವಿಳಾಸ ಮೇಸ್ತ್ರಿಗೆ ಗೊತ್ತಿರುತ್ತದೆ. ಅವರ ಉಸಿರು ಅಳೆದು, ಹನ್ನೊಂದನೆಯ ಲೇಖನಕ್ಕೆ ಒಂದೇ ಪುಟದ ತಿದ್ದುಪಡಿ ಬರೆಯಿರಿ. ನಿಮ್ಮ ಹೆಸರಿಗೆ ಕುಂದು ಬರುವುದಿಲ್ಲ. ಬಂದರೂ ಬರೆಯಿರಿ, ನನಗಿರುವುದು ಒಬ್ಬಳೇ ತಂಗಿ.

ಕಾಗದ ಮುಟ್ಟಿತೇ ಎಂದು ತಿಳಿಯಲು ನಾನು ನಿಮ್ಮ ಉತ್ತರಕ್ಕೆ ಕಾಯಬೇಕಾಗಿಲ್ಲ. ನೀವು ತಿದ್ದುಪಡಿ ಬರೆದಿದ್ದರೆ ಅದು ನೂರಾ ಎಪ್ಪತ್ತು ವರ್ಷಗಳಿಂದ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು. ಸಹಿ ಹಾಕುವ ಮುನ್ನ ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದೆ. ಇಲ್ಲ.

ಆದರೂ ಅಂಚೆಗೆ ಹಾಕುತ್ತಿದ್ದೇನೆ. ಹಾಕಿಯಾಯಿತು, ಡಾಕ್ಟರಮ್ಮ ಓದುತ್ತಿದ್ದಾರೆ ಎಂದು ಹೊಳೆವ್ವಳಿಗೆ ಹೇಳಿಬಿಟ್ಟಿದ್ದೇನೆ.

ದ್ಯಾಮವ್ವ